ದೊಡ್ಡ ಸೊಸೆಯ ಗಡಿಯಾರ

ರಿಪೇರಿಗೆ ಬಂದ ಪ್ರತಿ ಕಂಪ್ಯೂಟರಿನ ಬೆನ್ನಿಗೂ ಪಂಡಿತ ಒಂದು ಹಳದಿ ಚೀಟಿ ಅಂಟಿಸುತ್ತಿದ್ದ. ಅದರಲ್ಲಿ ಎರಡೇ ಸಾಲು. ಮೇಲಿನದು ತಂದವರು ಹೇಳಿದ ದೂರು, ಕೆಳಗಿನದು ಪಂಡಿತ ಕಂಡುಹಿಡಿದ ನಿಜವಾದ ದೋಷ. ಮೇಲಿನ ಸಾಲಿನಲ್ಲಿ 'ಪರದೆ ಕಪ್ಪಾಗಿದೆ', 'ಫ್ಯಾನು ಕಿರುಚುತ್ತದೆ', 'ಅಕ್ಷರ ಕುಣಿಯುತ್ತವೆ' ಎಂದು ಬಗೆಬಗೆಯ ಗೋಳು ಇರುತ್ತಿತ್ತು. ಕೆಳಗಿನ ಸಾಲಿನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಒಂದೇ ಪದ: ಮಾಲೀಕ. ಕೆಲಸ ಮುಗಿದ ಮೇಲೆ ಚೀಟಿಯನ್ನು ಕಿತ್ತು ಮೇಜಿನ ಖಾನೆಯಲ್ಲಿ ಹಾಕಿಕೊಳ್ಳುತ್ತಿದ್ದ. ಬಿಡುವಾದಾಗ ಅವನ್ನು ಹರಡಿಕೊಂಡು ಓದಿ ಒಬ್ಬನೇ ನಗುತ್ತಿದ್ದ. ಜೊತೆಗೆ ನಗುವವರು ಯಾರೂ ಇಲ್ಲದ ಮನುಷ್ಯನಿಗೆ ಇಂಥ ಏರ್ಪಾಡು ಬೇಕಾಗುತ್ತದೆ.

ಪಂಡಿತ ಎಂಬುದು ಅವನ ಹೆಸರಲ್ಲ. ಹತ್ತು ವರ್ಷದವನಿದ್ದಾಗ ಮನೆಯ ರೇಡಿಯೋ ಬಿಚ್ಚಿ, ತಿರುಗಿ ಜೋಡಿಸಿ, ಉಳಿದುಹೋದ ಮೂರು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು 'ಇವು ಬೇಕಾಗೇ ಇರ್ಲಿಲ್ಲ' ಎಂದಿದ್ದನಂತೆ. ಅವತ್ತು ಅಣ್ಣ ಇಟ್ಟ ಅಡ್ಡಹೆಸರು ಅದು. ಅಣ್ಣ ಇಟ್ಟದ್ದು ಗೇಲಿಗೆ, ತಮ್ಮ ತೆಗೆದುಕೊಂಡದ್ದು ಬಿರುದಿನ ಹಾಗೆ. ಆ ರೇಡಿಯೋ ಮತ್ತೆ ಹಾಡಿತೋ ಇಲ್ಲವೋ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಿದವನಲ್ಲ.

ಲಾಂಡ್ರಿಯ ಮೇಲಿನ ಕೋಣೆ ಅವನ ಅಂಗಡಿ. ಕೆಳಗಿನಿಂದ ಇಸ್ತ್ರಿಯ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಅದರ ಹಿಂದೆಯೇ ಗಿರಾಕಿಗಳೂ ಏದುಸಿರು ಬಿಡುತ್ತಾ ಬರುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಪಂಡಿತನ ಹುಬ್ಬು ಮೇಲೇರಿರುತ್ತಿತ್ತು. ಒಬ್ಬ ವಕೀಲರು 'ಇಂಟರ್ನೆಟ್ಟೇ ಕಳೆದುಹೋಗಿದೆ' ಅಂದಾಗ ಇವನು 'ಪೊಲೀಸ್ ಸ್ಟೇಷನ್ನಿಗೆ ಹೋಗಿ' ಅಂದಿದ್ದ. ಶಾಲೆಯ ಹೆಡ್‌ಮಿಸ್ಸು ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿಕೊಂಡು ತಂದಾಗ 'ಇದಕ್ಕೆ ಜ್ವರಾನಾ ಮೇಡಂ?' ಎಂದು ಕೇಳಿದ್ದ. ಆಕೆ ಪಾಪ, ಧೂಳು ಕೂರಬಾರದು ಅಂತ ಹೊದಿಸಿದ್ದರು. ಧೂಳು ಕೂರಲೂ ಇಲ್ಲ, ಆಕೆ ಮತ್ತೆ ಅಲ್ಲಿಗೆ ಬರಲೂ ಇಲ್ಲ. ಕೈಯಲ್ಲಿ ಕೆಲಸವಿದ್ದದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಆ ಕೈಯ ಕಾರಣಕ್ಕೇ ಊರು ಅವನ ಬಾಯನ್ನು ಸಹಿಸಿಕೊಂಡಿತ್ತು.

ಎರಡು ಬೀದಿ ಆಚೆ ಅಣ್ಣನ ಮನೆ. ಅಣ್ಣ ನೀರಿನ ಕಚೇರಿಯಲ್ಲಿ ಮೀಟರ್ ನೋಡುವವನು. ಪಂಡಿತನ ಪ್ರಕಾರ ಅದು ಕೆಲಸವೇ ಅಲ್ಲ, ಬೇರೆಯವರ ಗೋಡೆ ನೋಡಿಕೊಂಡು ಬರುವುದು. ಅತ್ತಿಗೆಯ ಕೆಲಸದ ಬಗ್ಗೆ ಅಷ್ಟು ಹಗುರವಾಗಿ ಮಾತಾಡುವುದಕ್ಕೆ ಅವನಿಗೂ ಧೈರ್ಯವಿರಲಿಲ್ಲ, ಹಾಗಾಗಿ ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದ. ಅತ್ತಿಗೆ ಪಾದರಕ್ಷೆ ಮಾಡುತ್ತಿದ್ದಳು. ಅಂಗಡಿಯಲ್ಲಿ ಜೋಡಿಯಾಗಿ ಸಿಗುವಂಥವಲ್ಲ. ಮೂಳೆ ಮುರಿದು ಗಿಡ್ಡವಾದ ಕಾಲಿಗೆ, ಒಳಕ್ಕೆ ಹೊರಳಿದ ಪಾದಕ್ಕೆ, ಒಂದು ಕಾಲಿನಂತೆ ಇನ್ನೊಂದು ಇಲ್ಲದವರಿಗೆ. ಮನೆಯ ಹಿಂದಿನ ಉದ್ದ ಕೋಣೆಯ ಗೋಡೆ ತುಂಬ ಮರದ ಕಾಲಚ್ಚುಗಳು ಮೊಳೆಗೆ ನೇತಾಡುತ್ತಿದ್ದವು. ಕೋಣೆಗೆ ಕಾಲಿಟ್ಟರೆ ಅಂಟಿನ ವಾಸನೆ, ತೊಗಲಿನ ವಾಸನೆ. ಕಿಟಕಿಯ ಪಕ್ಕ ಕಾಲು ಊರಿ ನಿಲ್ಲಲು ಒಂದು ಗಾಜಿನ ಹಲಗೆ. ಪಾದದ ಭಾರ ಎಲ್ಲೆಲ್ಲಿ ಎಷ್ಟೆಷ್ಟು ಬೀಳುತ್ತದೆ ಎಂಬುದನ್ನು ಆ ಹಲಗೆ ಬಣ್ಣಬಣ್ಣವಾಗಿ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆಚೆ ಮೂಲೆಯಲ್ಲಿ ಪಾದರಕ್ಷೆಯ ತಳದ ಅಟ್ಟೆ ಕತ್ತರಿಸುವ ಯಂತ್ರ.

ತೊಂದರೆ ಶುರುವಾದದ್ದೇ ಅಲ್ಲಿ. ಗಾಜಿನ ಹಲಗೆ ಒಂದು ಬಗೆಯ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ಮಾತ್ರ ಮಾತಾಡುತ್ತಿತ್ತು, ಅಟ್ಟೆ ಕತ್ತರಿಸುವ ಯಂತ್ರ ಇನ್ನೊಂದರ ಜೊತೆ ಮಾತ್ರ. ಇರುವುದು ಒಂದೇ ಕಂಪ್ಯೂಟರ್. ಏಳು ತಿಂಗಳ ಹಿಂದೆ ಪಂಡಿತ ಬಂದು ಅದೇ ಪೆಟ್ಟಿಗೆಯಲ್ಲಿ ಎರಡೂ ಸಿಸ್ಟಮ್ ಕೂರಿಸಿದ. ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ಮೆನು ಬರುತ್ತಿತ್ತು. ಇದು ಬೇಕೋ ಅದು ಬೇಕೋ, ಆರಿಸಿಕೊಳ್ಳಬೇಕು.

"ಒಂದೇ ಪೆಟ್ಟಿಗೇಲಿ ಎರಡು ಇಟ್ರೆ ಜಗಳ ಆಡಲ್ವೇನೋ?" ಅತ್ತಿಗೆ ಕೇಳಿದಳು.

"ಅತ್ತಿಗೆ, ಇವು ಸಿಸ್ಟಮ್‌ಗಳು. ಓರಗಿತ್ತಿಯರಲ್ಲ."

ಅವತ್ತಿನಿಂದಲೇ ಅತ್ತಿಗೆ ಅವಕ್ಕೆ ದೊಡ್ಡ ಸೊಸೆ, ಚಿಕ್ಕ ಸೊಸೆ ಎಂದು ಹೆಸರಿಟ್ಟಳು. ಮೊದಲು ಬಂದು ಕೂತದ್ದು, ಗಾಜಿನ ಹಲಗೆಯ ಕಡೆಯದು, ದೊಡ್ಡ ಸೊಸೆ. ಆಮೇಲೆ ಬಂದದ್ದು, ಕತ್ತರಿಸುವ ಯಂತ್ರದ ಕಡೆಯದು, ಚಿಕ್ಕ ಸೊಸೆ. ಪಂಡಿತನಿಗೆ ಈ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಇಬ್ಬರಿಗೂ ಸೇರಿ ಒಂದೇ ಫೋಲ್ಡರ್ ಇಡು ಅಂತ ಅತ್ತಿಗೆ ಕೇಳಿದಳು. ಇವನು ಬೇಡವೆಂದ. ಅತ್ತಿಗೆಯ ಕೈಗೆ ಅದನ್ನು ಕೊಟ್ಟರೆ ಎಲ್ಲ ಕಲಸುಮೇಲೋಗರವಾಗುತ್ತದೆ ಎಂಬುದು ಅವನ ಖಚಿತ ನಂಬಿಕೆ. ಹಾಗಾಗಿ ಎರಡು ಕಡೆಯೂ ಒಂದೊಂದು ಪ್ರತಿ. ಅತ್ತಿಗೆ ಪೆನ್‌ಡ್ರೈವಿನಲ್ಲಿ ಫೈಲುಗಳನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೊತ್ತು ತಿರುಗುವುದು.

ಹೊರಡುವಾಗ ಮೇಜಿನ ಮೇಲಿದ್ದ ಗೆರೆ ಪುಸ್ತಕ ಅವನ ಕಣ್ಣಿಗೆ ಬಿತ್ತು. ಯಾರ ಕಾಲಿಗೆ ಎಲ್ಲಿ ಎಷ್ಟು ಏರಿಸಿದೆ, ಎಲ್ಲಿ ಎಷ್ಟು ಕೆರೆದೆ ಎಂದು ಅತ್ತಿಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು.

"ಇನ್ನೂ ಪೆನ್ಸಿಲಾ?" ಎಂದ ಪಂಡಿತ, ಎರಡು ಬೆರಳಲ್ಲಿ ಅದರ ಕಿವಿ ಹಿಡಿದೆತ್ತಿ. "ಫೈಲಿನೊಳಗೇ ಟಿಪ್ಪಣಿ ಬರೆಯೋಕೆ ಜಾಗ ಇದೆ ಅತ್ತಿಗೆ. ಇದನ್ನ ಹಳೇ ಪೇಪರಿನವನಿಗೆ ಹಾಕಿ."

ಅತ್ತಿಗೆ ಹಾಕಲಿಲ್ಲ. ಆದರೆ ಬರೆಯುವುದನ್ನು ನಿಲ್ಲಿಸಿದಳು. ಬಲ್ಲವರು ಹೇಳುತ್ತಿದ್ದಾರೆ, ಕೇಳಿದರೆ ತಪ್ಪೇನು ಅಂದುಕೊಂಡಳು. ಒಳ್ಳೆಯವರು ಕೆಡುವುದು ಇಂಥ ಕಡೆಯೇ.

ತಿಂಗಳೊಳಗೆ ಅತ್ತಿಗೆ ಒಂದು ದೂರು ಹೇಳಿದಳು. ದೊಡ್ಡ ಸೊಸೆಯ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ. ಸರಿ ಮಾಡಿದರೆ ಆಮೇಲೆ ಚಿಕ್ಕ ಸೊಸೆಯದು ಕೆಡುತ್ತೆ. ಅದನ್ನು ಸರಿ ಮಾಡಿದರೆ ಮತ್ತೆ ಇದು. ಸಂಜೆಯಾಗಿದ್ದರೂ ದೊಡ್ಡ ಸೊಸೆ ಮಧ್ಯಾಹ್ನ ಅಂತಾಳೆ.

"ಗೋಡೆ ಮೇಲೆ ಗಡಿಯಾರ ಇಲ್ವಾ ಅತ್ತಿಗೆ?" ಎಂದ ಪಂಡಿತ. "ಅದನ್ನ ನೋಡಿ."

ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಪುಟ್ಟ ಗಡಿಯಾರವಿರುತ್ತದೆ. ಚಿಕ್ಕ ಸೊಸೆ ಅದರಲ್ಲಿ ಲೋಕಕ್ಕೆಲ್ಲ ಸಾಮಾನ್ಯವಾದ ಒಂದು ಸಮಯ ಇಟ್ಟು, ಊರಿನ ಸಮಯವನ್ನು ತಾನೇ ಕೂಡಿಸಿ ತೋರಿಸುತ್ತಾಳೆ. ದೊಡ್ಡ ಸೊಸೆ ಅಲ್ಲಿ ಎಷ್ಟಿದೆಯೋ ಅಷ್ಟನ್ನೇ ಊರಿನ ಸಮಯವೆಂದು ನಂಬುತ್ತಾಳೆ. ಇಬ್ಬರಲ್ಲಿ ಒಬ್ಬಳಿಗೆ ಒಂದು ಸಾಲಿನ ಅಪ್ಪಣೆ ಕೊಟ್ಟರೆ ಮುಗಿಯಿತು, ಎಡಗೈ ಕೆಲಸ. ಅಷ್ಟು ಚಿಕ್ಕದಕ್ಕೆ ಎರಡು ಬೀದಿ ನಡೆಯುವುದೆಂದರೆ ಪಂಡಿತನ ಘನತೆಗೆ ಕುಂದಲ್ಲವೇ! ಅತ್ತಿಗೆ ಆರು ಸಲ ಹೇಳಿದಳು. ಆರು ಸಲವೂ ಅವನು ಗೋಡೆ ತೋರಿಸಿದ.

ಇನ್ನು ಅಂಚೆಯಣ್ಣನ ವಿಷಯ. ಇಪ್ಪತ್ತೆರಡು ವರ್ಷ ಅವನು ಇದೇ ಬೀದಿಗಳಿಗೆ ಕಾಗದ ಹಂಚಿದವನು. ಯಾವ ಮನೆಯ ಗೇಟು ಒಳಕ್ಕೆ ತೆರೆಯುತ್ತದೆ, ಯಾವ ಮುದುಕಿಗೆ ಕಾಗದ ಓದಿ ಹೇಳಬೇಕು, ಎಲ್ಲ ಬಲ್ಲ. ಹೋದ ವರ್ಷ ಒಂದು ಬೈಕು ಬಡಿದು ಬಲಗಾಲು ಮುರಿಯಿತು. ಕೂಡಿಕೊಂಡಾಗ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಇಲಾಖೆ ಅವನನ್ನು ಕಚೇರಿಯ ಕೌಂಟರಿನಲ್ಲಿ ಕೂರಿಸಿ, ಬರುವ ಗುರುವಾರ ಹತ್ತು ಗಂಟೆಗೆ ವೈದ್ಯರ ಮುಂದೆ ಪರೀಕ್ಷೆ ಇಟ್ಟಿತ್ತು. ಹೆಗಲಿಗೆ ತುಂಬಿದ ಚೀಲ ಹಾಕಿಕೊಂಡು ನಡೆದು, ಮೂರು ಮಹಡಿಯ ಮೆಟ್ಟಿಲು ಹತ್ತಿ ಇಳಿಯಬೇಕು. ಅಷ್ಟಾದರೆ ಬೀದಿ ಅವನಿಗೆ ವಾಪಸ್ಸು. ಆಗದಿದ್ದರೆ ಕೌಂಟರೇ ಕೊನೆಯವರೆಗೆ. ಇನ್ನೊಂದು ಪರೀಕ್ಷೆ ಇಲ್ಲ.

"ಒಳಗೆ ಕೂತು ಮೊಹರು ಒತ್ತಿಕೊಂಡಿರೋಕೆ ನನ್ನ ಕೈಲಾಗಲ್ಲ ಅಕ್ಕ," ಎಂದಿದ್ದನಂತೆ ಅತ್ತಿಗೆಗೆ. "ಜನ ಗಾಜಿನ ಆಚೆ ಕಡೆಯಿಂದ ಮಾತಾಡ್ತಾರೆ."

ಆರು ವಾರ ಅತ್ತಿಗೆ ಅವನ ಕಾಲಿನ ಹಿಂದೆ ಬಿದ್ದಳು. ಕೊನೆಯ ಹೊಂದಿಕೆ ನಡೆದದ್ದು ಸೋಮವಾರ. ಬೆಳಗ್ಗೆಯೆಲ್ಲ ಚಿಕ್ಕ ಸೊಸೆಯಲ್ಲಿ ಅಟ್ಟೆಯ ಚಿತ್ರ ತಿದ್ದಿ ಮಧ್ಯಾಹ್ನ ಒಂದು ಗಂಟೆಗೆ ಉಳಿಸಿದಳು. ಅದನ್ನೇ ಪೆನ್‌ಡ್ರೈವಿನಲ್ಲಿ ದೊಡ್ಡ ಸೊಸೆಗೆ ಒಯ್ದಳು. ಎರಡು ಗಂಟೆಗೆ ಅಂಚೆಯಣ್ಣ ಬಂದ. ಅಳತೆಗೆಂದು ಕಟ್ಟಿದ ಹಂಗಾಮಿ ಪಾದರಕ್ಷೆಯೊಳಗೆ ಕಾಗದದಷ್ಟು ತೆಳ್ಳಗಿನ ಪಟ್ಟಿಗಳನ್ನು ಸಿಕ್ಕಿಸುವುದು, ಅವನು ಬೀದಿಯ ತಿರುವಿನವರೆಗೆ ಹೋಗಿ ಬರುವುದು, ಗಾಜಿನ ಮೇಲೆ ನಿಲ್ಲುವುದು, ಪಟ್ಟಿ ತೆಗೆದು ಇನ್ನೊಂದು ಕಡೆ ಸಿಕ್ಕಿಸುವುದು. ಹೀಗೆ ಹನ್ನೊಂದು ಸಲ. ಹನ್ನೊಂದನೆಯ ಸಲ ಅವನು ಯಾರದೋ ಮನೆಯ ನಾಯಿಯ ಕತೆ ಹೇಳುತ್ತಾ ಹೋಗಿ, ಹೇಳುತ್ತಲೇ ಬಂದು, ತಟ್ಟನೆ ನಿಂತ.

"ಅಕ್ಕ, ಕಾಲು ಇರೋದೇ ಮರ್ತುಹೋಗಿತ್ತು."

ಅತ್ತಿಗೆ ಹನ್ನೊಂದು ಅಂಕಿಗಳನ್ನೂ ಗಾಜಿನ ಚಿತ್ರವನ್ನೂ ಅದೇ ಫೈಲಿನಲ್ಲಿ ಬರೆದು ನಾಲ್ಕೂವರೆಗೆ ಉಳಿಸಿದಳು. ಕಾಲು ಹೊರತೆಗೆದ ಕೂಡಲೇ ಪಟ್ಟಿಗಳು ಜಾರಿ ಉದುರಿದವು. ಅವುಗಳ ಕೆಲಸ ಮುಗಿದಿತ್ತು, ಗುಡಿಸಿ ಬಿಸಾಡಿದಳು. ಸಂಜೆ ಅಣ್ಣ ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟ. ತಿಂಗಳಿಗೊಮ್ಮೆ ಕೊಡುವುದು ರೂಢಿ. ದೊಡ್ಡ ಸೊಸೆ ಹೊಸ ಅಪ್‌ಡೇಟ್ ಇಳಿಸಿಕೊಂಡು, ಹಾಕಿಕೊಂಡು, ಮಲಗಿದಳು. ಮಂಗಳವಾರ ಬೆಳಗ್ಗೆ ಗುಂಡಿ ಒತ್ತಿದರೆ ಮೆನುವೇ ಇಲ್ಲ. ದೊಡ್ಡ ಸೊಸೆ ಬಾಗಿಲಿನ ಫಲಕವನ್ನೇ ಅಳಿಸಿ ತನ್ನ ಹೆಸರೊಂದನ್ನೇ ಬರೆದುಕೊಂಡಿದ್ದಳು. ಚಿಕ್ಕ ಸೊಸೆ ಒಳಗೇ ಇದ್ದಳು, ತಲುಪುವ ದಾರಿ ಇರಲಿಲ್ಲ. ಅವಳಿಲ್ಲದೆ ಅಟ್ಟೆ ಕತ್ತರಿಸುವಂತಿಲ್ಲ.

ಇದಿಷ್ಟನ್ನೂ ಅತ್ತಿಗೆ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂದು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಹೇಳಿದಳು. ಪಂಡಿತ ಫೋನ್ ನೋಡುತ್ತಾ ಕೇಳಿದ.

"ನಾಳೆ ಬೆಳಗ್ಗೆ ಬೇಕು ಕಣೋ. ಗುರುವಾರ ಅವನ ಪರೀಕ್ಷೆ."

"ಆಗುತ್ತೆ."

"ದೊಡ್ಡ ಸೊಸೆ ಹತ್ರ ಇರೋದೇ ಕೊನೇ ಫೈಲು. ಚಿಕ್ಕವಳ ಹತ್ರ ಇರೋದು ಬೆಳಗ್ಗಿಂದು. ನೋಡ್ಕೊಂಡು ಮಾಡು."

"ಅತ್ತಿಗೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಯಂತ್ರಕ್ಕೆ ಗೊತ್ತಿರುತ್ತೆ. ನೀವು ಹೇಳಿಕೊಡಬೇಕಾಗಿಲ್ಲ."

"ಆ ಗಡಿಯಾರಾನೂ ಹಾಗೇ ಸ್ವಲ್ಪ..."

"ಬರ್ಕೊಂಡೆ, ಬರ್ಕೊಂಡೆ," ಎಂದು ಪಂಡಿತ ಹಳದಿ ಚೀಟಿ ತೆಗೆದ. ಬರೆದದ್ದು ನಿಜ. ಅತ್ತಿಗೆ ಮೆಟ್ಟಿಲಿಳಿದ ಮೇಲೆ ಕೆಳಗಿನ ಸಾಲನ್ನೂ ಬರೆದು, ಪೆಟ್ಟಿಗೆಯ ಬೆನ್ನಿಗೆ ಒತ್ತಿ ಅಂಟಿಸಿದ.

ಅಳಿಸಿಹೋದ ಮೆನುವನ್ನು ಮತ್ತೆ ಬರೆಯುವುದು ಕಾಲು ಗಂಟೆಯ ಕೆಲಸ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತೇಪೆ ಹಾಕುವವರನ್ನು ಕಂಡರೆ ಪಂಡಿತನಿಗೆ ಆಗುತ್ತಿರಲಿಲ್ಲ. ಏನು ಮಾಡಿದರೂ ಬುಡದಿಂದ. ಎಲ್ಲ ಫೈಲುಗಳನ್ನೂ ಹೊರಗಿನ ಡ್ರೈವಿಗೆ ಎತ್ತಿ, ಡಿಸ್ಕನ್ನು ಪೂರ್ತಿ ಒರೆಸಿ, ಹೊಸದಾಗಿ ಭಾಗ ಮಾಡಿ, ಮೊದಲು ದೊಡ್ಡ ಸೊಸೆಯನ್ನೂ ಆಮೇಲೆ ಚಿಕ್ಕ ಸೊಸೆಯನ್ನೂ ಕೂರಿಸುವುದೆಂದು ತೀರ್ಮಾನಿಸಿದ. ಏಳು ತಿಂಗಳ ಹಿಂದೆ ಅತ್ತಿಗೆ ಕೇಳಿದ್ದ ಆ ಒಂದೇ ಫೋಲ್ಡರನ್ನೂ ಈಗ ಮಾಡಿಕೊಡೋಣ ಎಂದು ಉದಾರ ಮನಸ್ಸೂ ಮಾಡಿದ. ಡ್ರೈವಿಗೆ ಎತ್ತುತ್ತಲೇ ಎರಡು ಕಡೆಯ ಪ್ರತಿಗಳನ್ನು ಒಂದರಲ್ಲಿ ಸೇರಿಸುವಾಗ ಪರದೆ ಕೇಳಿತು: ಒಂದೇ ಹೆಸರಿನ ಎರಡು ಫೈಲುಗಳಿವೆ, ಇತ್ತೀಚಿನದನ್ನು ಇಟ್ಟುಕೊಳ್ಳಲೇ?

ಪಂಡಿತ 'ಎಲ್ಲಕ್ಕೂ ಹೌದು' ಒತ್ತಿದ. ಒತ್ತಿ, ಕೆಳಗೆ ಹೋಗಿ ಚಹಾ ಕುಡಿದು ಬಂದ. ಸಂಜೆಯ ಹೊತ್ತಿಗೆ ಹಳೆಯ ಡಿಸ್ಕು ಒರೆಸಿದ ಹಲಗೆಯಂತೆ ಸ್ವಚ್ಛವಾಗಿ, ಹೊಸ ಮೆನು ಎದ್ದು ಬಂದಿತ್ತು. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡು ಅಂಗಡಿ ಮುಚ್ಚಿದ.

ಬುಧವಾರ ಬೆಳಗ್ಗೆ ಎಂಟು ಗಂಟೆಗೇ ಪೆಟ್ಟಿಗೆ ಹೊತ್ತು ಅಣ್ಣನ ಮನೆಗೆ ಬಂದ. ಅತ್ತಿಗೆ ಮೇಲ್ಭಾಗದ ತೊಗಲನ್ನು ಕಾಲಚ್ಚಿನ ಮೇಲೆ ಎಳೆದು ಹಿಡಿದಿದ್ದಳು, ಎರಡು ಕೈಗೂ ಅಂಟು.

"ನೀವು ಏಳಬೇಡಿ," ಎಂದ ಪಂಡಿತ. "ನಾನೇ ಕತ್ತರಿಸಿಕೊಡ್ತೀನಿ. ನೋಡಿ, ಮೆನು ಬಂತು. ನೋಡಿ, ಒಂದೇ ಫೋಲ್ಡರು. ನೋಡಿ, ಅಂಚೆಯಣ್ಣನ ಫೈಲು."

"ಕೊನೇದು ತಾನೇ?"

"ಕೊನೇದೇ."

ಗುಂಡಿ ಒತ್ತಿದ. ಯಂತ್ರ ಗರಗರ ಎಂದು ಅಟ್ಟೆ ಕತ್ತರಿಸಿತು. ನೋಡುವುದಕ್ಕೆ ಬೆಳಗ್ಗಿನ ಅಟ್ಟೆಗೂ ಸಂಜೆಯ ಅಟ್ಟೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಇರುವುದು ಉಗುರಿನ ದಪ್ಪದ ಮಾತು, ಅದು ಕಣ್ಣಿಗೆ ತಿಳಿಯುವಂಥದ್ದಲ್ಲ, ಕಾಲಿಗೆ ತಿಳಿಯುವಂಥದ್ದು. ಅತ್ತಿಗೆ ಅಂಟಿಸಿದಳು, ಒತ್ತಿದಳು, ಹೊಲಿದಳು. ಪಂಡಿತ ಅಲ್ಲೇ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತ. ಹೊಗಳಿಕೆ ಇನ್ನೂ ಬಾಕಿ ಇತ್ತಲ್ಲ.

ಹನ್ನೆರಡಕ್ಕೆ ಅಂಚೆಯಣ್ಣ ಬಂದು ಹಾಕಿಕೊಂಡ. ಎದ್ದು ನಿಂತಾಗ ಅವನ ಮುಖ ಒಂದು ಕ್ಷಣ ಬಿಗಿಯಿತು. ಹೊಸದಲ್ಲವೇ, ಕಾಲಿಗೆ ಒಗ್ಗಬೇಕು ಅಂದುಕೊಂಡ. ತನಗಾಗಿ ಇಷ್ಟು ಪಾಡು ಪಟ್ಟ ಹೆಂಗಸಿನ ಎದುರು ನೋವು ಅನ್ನುವುದು ಹೇಗೆ?

"ಚೆನ್ನಾಗಿದೆ ಅಕ್ಕ. ಚೂರು ಓಡಾಡಿ ಬರ್ತೀನಿ."

ಚೂರು ಅಂದವನು ದೊಡ್ಡ ರಸ್ತೆಯವರೆಗೆ ಹೋದ. ತನ್ನ ಹಳೆಯ ಬೀದಿಗಳನ್ನೆಲ್ಲ ಒಂದು ಸುತ್ತು ಹಾಕಿದ. ಒಂದೂವರೆ ಗಂಟೆ ಬಿಟ್ಟು ಹಿಂತಿರುಗಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತ. ಅತ್ತಿಗೆ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಕೂತ್ಕೊ," ಅಂದಳು. "ತೆಗಿ."

ಹಿಮ್ಮಡಿಯ ಒಳಮಗ್ಗುಲಲ್ಲಿ ಚರ್ಮ ಕಿತ್ತು ಬಂದಿತ್ತು. ಪಾದ ಊದಿ ಮೇಲ್ಭಾಗದ ತೊಗಲಿನ ಅಚ್ಚು ಮೂಡಿತ್ತು. ಅತ್ತಿಗೆ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ ಒಂದು ಕಡೆ ನಿಲ್ಲಿಸಿದಳು.

"ಇದು ಸೋಮವಾರ ಬೆಳಗ್ಗಿನ ಅಟ್ಟೆ."

"ಸಾಧ್ಯಾನೇ ಇಲ್ಲ," ಎಂದ ಪಂಡಿತ ಸ್ಟೂಲಿನಿಂದ. "ಎರಡರಲ್ಲಿ ಇತ್ತೀಚಿನದನ್ನೇ ಇಟ್ಟಿದೀನಿ. ಕಾಲು ಒಗ್ಗಬೇಕು ಅಷ್ಟೆ, ಒಂದೇ ದಿನಕ್ಕೆ..."

ಅತ್ತಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತು ಫೈಲು ತೆರೆದಳು. ಟಿಪ್ಪಣಿಯ ಜಾಗದಲ್ಲಿ ಬೆಳಗ್ಗೆ ಬರೆದ ಏಳು ಸಾಲು. ಅದರ ಕೆಳಗೆ ಖಾಲಿ.

"ಇಲ್ಲಿ ಇನ್ನೂ ಹನ್ನೊಂದು ಸಾಲಿತ್ತು."

ಪಂಡಿತ ಎದ್ದು ಬಂದ. ಹೊರಗಿನ ಡ್ರೈವು ಜೋಡಿಸಿ, ಸೇರಿಸುವಾಗ ಯಾವುದನ್ನು ಇಟ್ಟಿತು, ಯಾವುದನ್ನು ಬಿಟ್ಟಿತು ಎಂಬ ಪಟ್ಟಿ ತೆಗೆದ. ತೆಗೆದ ಧಾಟಿ ಹೇಗಿತ್ತೆಂದರೆ, ಇನ್ನು ಈ ಹೆಂಗಸಿನ ಬಾಯಿ ಮುಚ್ಚಿಸುತ್ತೇನೆ ಎನ್ನುವ ಹಾಗೆ.

"ನೋಡಿ ಅತ್ತಿಗೆ, ಯಂತ್ರ ಸುಳ್ಳು ಹೇಳಲ್ಲ. ಚಿಕ್ಕ... ಎರಡನೇ ಸಿಸ್ಟಮ್ಮಿನದು ಸೋಮವಾರ ಒಂದು ಗಂಟೆಗೆ ಉಳಿಸಿದ್ದು. ಮೊದಲನೇದರಲ್ಲಿದ್ದದ್ದು ಹನ್ನೊಂದು ಗಂಟೆಗೆ. ಒಂದು ಗಂಟೇದು ಇತ್ತೀಚಿನದು. ಅದನ್ನೇ ಇಟ್ಟಿದೆ."

"ಹನ್ನೊಂದು ಗಂಟೆಗೆ ಅಂಚೆಯಣ್ಣ ಬಂದೇ ಇರ್ಲಿಲ್ಲ," ಅಂದಳು ಅತ್ತಿಗೆ.

ಪಂಡಿತ ಬಾಯಿ ತೆರೆದ. ನಾಲ್ಕೂವರೆಯಿಂದ ಐದೂವರೆ ಗಂಟೆ ಹಿಂದಕ್ಕೆ ಎಣಿಸುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿದ.

"ಹಳೇದರಿಂದ ತೆಗಿ," ಅಂದಳು ಅತ್ತಿಗೆ.

"ಒರೆಸಿಬಿಟ್ಟೆ."

"ಪೂರ್ತಿ?"

"ಬುಡದಿಂದ," ಎಂದ ಪಂಡಿತ. ಸದಾ ಹೆಮ್ಮೆಯಿಂದ ಆಡುತ್ತಿದ್ದ ಮಾತು ಅದು, ಅಭ್ಯಾಸಬಲದಿಂದ ಹೊರಬಿತ್ತು.

"ಹೋಗ್ಲಿ ಅಕ್ಕ, ಇನ್ನೊಂದ್ಸಲ ನಿಂತ್ಕೋತೀನಿ, ಅಳತೆ ತಗೊಳ್ಳಿ," ಎಂದು ಅಂಚೆಯಣ್ಣ ಗಾಜಿನ ಹಲಗೆಯ ಕಡೆ ಕಾಲೆಳೆದ.

"ಊದಿದ ಕಾಲಿಗೆ ಅಳತೆ ಇಲ್ಲಪ್ಪ. ಊತ ಇಳಿಯೋಕೆ ಮೂರು ದಿನ ಬೇಕು." ಅತ್ತಿಗೆ ಕಣ್ಣು ಮುಚ್ಚಿ ಬೆರಳು ಮಡಿಸುತ್ತಾ ನೆನಪು ಮಾಡಿಕೊಂಡಳು. ಹನ್ನೊಂದರಲ್ಲಿ ಆರು ನೆನಪಾದವು. ಏಳನೆಯದಕ್ಕೆ ಬೆರಳು ಅರ್ಧ ಮಡಿಸಿ ನಿಂತಿತು. ಮೇಜಿನ ಮೇಲೆ ಗೆರೆ ಪುಸ್ತಕ ಮೊದಲಿನ ಜಾಗದಲ್ಲೇ ಇತ್ತು. ಅತ್ತಿಗೆ ಅದನ್ನು ತೆರೆದಳು. ಕೊನೆಯ ಬರಹ ಏಳು ತಿಂಗಳ ಹಿಂದಿನದು, ಬೇರೆ ಯಾರದೋ ಕಾಲು.

ಪಂಡಿತನಿಗೆ ಏನಾದರೂ ಮಾತಾಡಲೇಬೇಕು ಅನ್ನಿಸಿತು. ಮಾತಾಡಿದ. ಪುಟ್ಟ ಗಡಿಯಾರ, ಲೋಕದ ಸಮಯ, ಊರಿನ ಸಮಯ, ಒಂದು ಸಿಸ್ಟಮ್ ಹಾಗೆ ತಿಳಿಯುತ್ತದೆ, ಇನ್ನೊಂದು ಹೀಗೆ ತಿಳಿಯುತ್ತದೆ, ಇದು ಎರಡು ಸಿಸ್ಟಮ್ ಹಾಕಿದ ಕಡೆಯೆಲ್ಲ ಇರುವ ಗೊತ್ತಿರುವ ತೊಂದರೆ. ಬಹಳ ಚೆನ್ನಾಗಿ ವಿವರಿಸಿದ.

"ಗೊತ್ತಿರೋ ತೊಂದರೇನಾ?" ಅತ್ತಿಗೆ ಕೇಳಿದಳು.

ಆಗ ಅವಳು ಪೆಟ್ಟಿಗೆಯನ್ನು ಗೋಡೆಯತ್ತ ಸರಿಸಲು ತಿರುಗಿಸಿದಳು. ಬೆನ್ನ ಮೇಲೆ ಹಳದಿ ಚೀಟಿ ಇತ್ತು. ಹೊಗಳಿಸಿಕೊಳ್ಳುವ ಅವಸರದಲ್ಲಿ ಅದನ್ನು ಕೀಳಲು ಮರೆತಿದ್ದ. ಅತ್ತಿಗೆ ಬಗ್ಗಿ ಓದಿದಳು. ಮೇಲಿನ ಸಾಲು: ಮೆನು ಇಲ್ಲ. ದೊಡ್ಡ ಸೊಸೆಯ ಗಡಿಯಾರ ಐದೂವರೆ ಗಂಟೆ ಹಿಂದೆಯಂತೆ. ಕೆಳಗಿನ ಸಾಲು: ಅತ್ತಿಗೆ.

ಓದಿದವಳು ಕೂಗಾಡಿದ್ದರೆ ಪಂಡಿತನಿಗೆ ಎಷ್ಟೋ ಹಾಯೆನ್ನಿಸುತ್ತಿತ್ತು. ಅವಳು ಉಗುರಿನಿಂದ ಚೀಟಿಯ ತುದಿ ಎಬ್ಬಿಸಿ, ಹರಿಯದ ಹಾಗೆ ಕಿತ್ತು, ಗೆರೆ ಪುಸ್ತಕದ ಹೊಸ ಪುಟದಲ್ಲಿ ಅಂಟಿಸಿದಳು. ಅದರ ಪಕ್ಕ ಅಂಚೆಯಣ್ಣನ ಕಾಲಿನ ನೆನಪಿದ್ದ ಆರು ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಳು.

"ನಿನ್ನ ಯಂತ್ರಕ್ಕೆ ಬುದ್ಧಿ ಇದೆಯಪ್ಪ," ಅಂದಳು ತಲೆ ಎತ್ತದೆ. "ನಾನು ಒಂದು ಸಲ ಹೇಳಿದ್ರೂ ಕೇಳ್ತಿತ್ತು. ನಿನಗೆ ಆರು ಸಲ ಹೇಳಿದೆ. ಈಗ ಅದನ್ನ ಸರಿ ಮಾಡಿ ಹೊರಡು."

ಪಂಡಿತ ಕೂತು ಸರಿ ಮಾಡಿದ. ಚಿಕ್ಕ ಸೊಸೆಗೆ ಒಂದು ಸಾಲಿನ ಅಪ್ಪಣೆ. ಎರಡೂ ಗಡಿಯಾರ ಗೋಡೆಯ ಗಡಿಯಾರದ ಜೊತೆ ಕೂಡಿಕೊಂಡವು. ಅಂಚೆಯಣ್ಣ ಬೋಗುಣಿಯ ನೀರಿನಲ್ಲಿ ಕಾಲಿಟ್ಟುಕೊಂಡು ಅವನ ಕೈಯನ್ನೇ ನೋಡುತ್ತಿದ್ದವನು, ನೋವಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಮುಗಿದಿತ್ತು. ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಗುರುವಾರ ಅಂಚೆಯಣ್ಣ ಹಳೆಯ ಚಪ್ಪಲಿಯೊಳಗೆ ರಟ್ಟು ಮಡಿಸಿಟ್ಟುಕೊಂಡು ಪರೀಕ್ಷೆಗೆ ಹೋದ. ಚೀಲ ಹೊತ್ತು ಅಂಗಳವನ್ನು ದಾಟಿದ. ಹಲ್ಲು ಕಚ್ಚಿಕೊಂಡು ಎರಡು ಮಹಡಿ ಹತ್ತಿದ. ಮೂರನೆಯದರ ನಾಲ್ಕನೇ ಮೆಟ್ಟಿಲಿನ ಮೇಲೆ ಕೂತುಬಿಟ್ಟ. 'ಇವತ್ತು ಕಾಲು ಸ್ವಲ್ಪ ಊದಿದೆ ಡಾಕ್ಟ್ರೇ' ಅಂದನಂತೆ, ಯಾಕೆ ಊದಿತು ಅಂತ ಹೇಳಲಿಲ್ಲವಂತೆ. ಡಾಕ್ಟರು ಕಾಗದದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ಮುಂದಿನ ವಾರ ಕಾಲಿನ ಊತ ಇಳಿಯಿತು, ಅತ್ತಿಗೆ ಮೊದಲಿನಿಂದ ಅಳತೆ ತೆಗೆದು, ಕಾಲಿರುವುದೇ ಮರೆತುಹೋಗುವಂಥ ಜೋಡಿ ಮಾಡಿಕೊಟ್ಟಳು. ಅಂಚೆಯಣ್ಣ ಈಗ ಅದನ್ನು ಹಾಕಿಕೊಂಡು ಕೌಂಟರಿನ ಹಿಂದೆ ಕೂರುತ್ತಾನೆ.

ಬೀದಿಗಳಿಗೆ ಹೊಸಬನೊಬ್ಬ ಬಂದ. ಲಾಂಡ್ರಿಯ ಕಾಗದವನ್ನು ಪಂಡಿತನಿಗೂ ಪಂಡಿತನದನ್ನು ಲಾಂಡ್ರಿಗೂ ಹಾಕಿ ಹೋಗುತ್ತಾನೆ. ಪಂಡಿತ ಅವನನ್ನು ಬೈಯಲು ಒಂದೆರಡು ಸಲ ಬಾಯಿ ತೆರೆದು ಸುಮ್ಮನಾದ. ಚೀಟಿಗಳನ್ನು ಅಂಟಿಸುವುದನ್ನು ಬಿಟ್ಟಿಲ್ಲ, ಬಿಡುವ ಜಾತಿಯವನಲ್ಲ. ಕೆಳಗಿನ ಸಾಲನ್ನು ಮಾತ್ರ ಈಗ ಖಾಲಿ ಬಿಡುತ್ತಾನೆ. ಅತ್ತಿಗೆಯ ಮನೆಗೆ ಹೋಗುವುದಕ್ಕೆ ಕಾಲು ಬರುವುದಿಲ್ಲ, ಹೋಗು ಅಂತ ಅಣ್ಣನೂ ಹೇಳುವುದಿಲ್ಲ.

ಮೂರು ವಾರದ ಮೇಲೆ ಒಂದು ಬಿಡಿಭಾಗವನ್ನು ಪಾರ್ಸೆಲ್ ಮಾಡಲು ಅಂಚೆ ಕಚೇರಿಗೆ ಹೋಗಲೇಬೇಕಾಯಿತು. ಇದ್ದದ್ದು ಒಂದೇ ಕೌಂಟರು. ಸಾಲಿನಲ್ಲಿ ನಿಂತು, ಮುಂದಿನವರ ಬೆನ್ನಿನ ಹಿಂದೆ ಆದಷ್ಟು ಮರೆಯಾಗಿ, ಕೊನೆಗೆ ಗಾಜಿನ ಮುಂದೆ ಬಂದ.

"ಓ, ಪಂಡಿತ್ರು!" ಎಂದು ಅಂಚೆಯಣ್ಣ ಮುಖವರಳಿಸಿದ. ಗಾಜಿಗೆ ಬಾಯಿ ಹತ್ತಿರ ತಂದು ಮಾತಾಡಬೇಕಾಗಿತ್ತು. "ಅಕ್ಕನ ಕಂಪ್ಯೂಟರ್ ಗಡಿಯಾರ ಸರಿ ಹೋಯ್ತಾ?"

"ಹೋಯ್ತು."

"ಅವತ್ತು ನನಗೆ ನೋವಲ್ಲಿ ಏನೂ ಗೊತ್ತಾಗ್ಲಿಲ್ಲ ನೋಡಿ. ತುಂಬಾ ಹೊತ್ತು ಹಿಡೀತಾ?"

ಪಂಡಿತ ಗಾಜಿನ ಆಚೆಗಿನ ಮುಖ ನೋಡಿದ. ಅಲ್ಲಿ ವ್ಯಂಗ್ಯದ ಒಂದು ಎಳೆಯೂ ಇರಲಿಲ್ಲ, ಎಷ್ಟು ಹುಡುಕಿದರೂ ಸಿಗಲಿಲ್ಲ.

"ಎರಡು ದಿನ," ಎಂದ.

"ಅಯ್ಯೋ ಪಾಪ," ಎಂದ ಅಂಚೆಯಣ್ಣ, ಪಾರ್ಸೆಲ್ಲನ್ನು ತಕ್ಕಡಿಯ ಮೇಲಿಡುತ್ತಾ. "ಅಷ್ಟು ಕಷ್ಟದ ಕೆಲಸ ಅಂತ ಮೊದಲೇ ಹೇಳಿದ್ರೆ ಅಕ್ಕ ನಿಮ್ಮನ್ನ ಅಷ್ಟು ಸಲ ಕಾಡ್ತಾನೇ ಇರ್ಲಿಲ್ಲ ಬಿಡಿ."

ಮೊಹರು ಒತ್ತಿ, ರಸೀದಿ ಹರಿದು ಕೊಟ್ಟು, ಮುಂದಿನವರನ್ನು ಕರೆದ.